ಜೇನುಗೂಡಿಗೆ ಮುಟ್ಟಿಸಿದ ಸುದ್ದಿ

ಹಿರಿಯ ಮಿಸ್ ಪಿನ್ನಕ್ ತೀರಿಕೊಂಡ ಬೆಳಿಗ್ಗೆ ಡರ್ವೆಂಟ್ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಸಾವಿನ ಮನೆಯ ಪದ್ಧತಿಯಂತೆ ನಾನೇ ಗಡಿಯಾರ ನಿಲ್ಲಿಸಿದೆ, ಕನ್ನಡಿಗೆ ಬಟ್ಟೆ ಹೊದಿಸಿದೆ. ತೋಟದ ಜೇನುಗೂಡುಗಳಿಗೆ ಸುದ್ದಿ ಹೇಳುವುದು ಮಾತ್ರ ನನ್ನ ಕೆಲಸವಲ್ಲ. ಮಹಡಿಯ ಬಾಡಿಗೆದಾರ ಥ್ವೇಟ್ ಅವರು ಹೇಳಿದ್ದನ್ನು ಬರೆದುಕೊಳ್ಳಲು ಸಂಬಳಕ್ಕೆ ಬಂದವಳು ನಾನು. ಯಜಮಾನಿ ಸತ್ತರೆ ಮನೆಯವರೇ ಬೀಗದಕೈಯಿಂದ ಗೂಡು ತಟ್ಟಿ ಹೇಳಬೇಕು. ಇಲ್ಲದಿದ್ದರೆ ಹುಳಗಳು ಮುನಿದು ಹಾರಿಹೋಗುತ್ತವೆ, ಹೋಗುವಾಗ ಮನೆಯ ಇನ್ನೊಂದು ಜೀವವನ್ನೂ ಕರೆದೊಯ್ಯುತ್ತವೆ ಎಂದು ನನ್ನಜ್ಜಿ ಹೇಳುತ್ತಿದ್ದಳು.

ಉಳಿದಿದ್ದ ಇನ್ನೊಂದು ಜೀವವೆಂದರೆ ತಂಗಿ, ಮಿಸ್ ಲೆಟಿ. ಅವರು ಎದೆ ಕಟ್ಟಿ ಹಾಸಿಗೆ ಹಿಡಿದಿದ್ದರು.

“ಜೇನಿಗೆ ಹೇಳೋತನಕ ಒಂದು ಗುಟುಕೂ ಇಳಿಯಲ್ಲ ಕಣೇ ಟ್ಯಾಬಿ,” ಎಂದು ಗಂಜಿಯ ಬಟ್ಟಲು ದೂಡಿದರು. “ಮಹಡಿಯವರನ್ನ ಕಳ್ಸು. ಇಷ್ಟು ವರ್ಷ ಈ ಮನೆ ಉಪ್ಪು ತಿಂದವರು, ಅವರೂ ಮನೆಯವರೇ.”

ಜೀವವೆಂಬುದು ಒಂದು ಹನಿ ಲೋಳೆಯಿಂದ ಮೀನಾಗಿ, ಮನುಷ್ಯನಾಗಿ ಬೆಳೆದು ಬಂತು. ಸಮಾಜವೂ ಹಾಗೆಯೇ, ದೇವರೂ ಹಾಗೆಯೇ ಎಂದು ತೋರಿಸುವುದರಲ್ಲೇ ಥ್ವೇಟ್ ಅವರು ಆಯುಸ್ಸು ಸವೆಸಿದ್ದರು. ಅವರನ್ನು ಕಂಡರೆ ನಮ್ಮೂರ ಪಾದ್ರಿ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದ. ನಾನು ಮಹಡಿ ಹತ್ತಿ ಅವರಿಗೆ ವಿಷಯ ಹೇಳಿದೆ.

“ನಾನಾ? ಇಂಥ ಪದ್ಧತಿಯೆಲ್ಲ ಕಾಡುಮನುಷ್ಯನ ಅಂಜಿಕೆಯ ಪಳೆಯುಳಿಕೆ ಅಂತ ನಿನ್ನ ಕೈಲೇ ಬರೆಸಿದೀನಲ್ಲ, ಟ್ಯಾಬಿತಾ!”

“ಬರೆದಿದೀನಿ ಸರ್, ಅಕ್ಷರಾನೂ ದುಂಡಗೇ ಬಂದಿದೆ. ಆದ್ರೆ ಕೆಳಗೆ ಮಿಸ್ ಲೆಟಿ ಉಪವಾಸ ಇದಾರೆ.”

“ಬಲ ಇದ್ದದ್ದು ಉಳಿಯುತ್ತೆ...” ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ಕೆಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. “ನಾನು ಹೋದ್ರೆ ಬರೆದದ್ದೆಲ್ಲ ಏನಾಗಬೇಕು?”

“ಜೇನಿಗೆ ಓದೋಕೆ ಬರಲ್ಲ ಸರ್.”

ಅವರು ನನ್ನನ್ನು ದುರುಗುಟ್ಟಿ ನೋಡಿ, ಟೊಪ್ಪಿ ತೆಗೆದುಕೊಂಡರು.

ಸೇಬಿನ ಮರಗಳ ಕೆಳಗೆ ಹುಲ್ಲು ಹೆಣೆದ ಗೂಡುಗಳು ಸಾಲಾಗಿ ಮಂಜಿನಲ್ಲಿ ಅಜ್ಜಿಯರಂತೆ ಕುಳಿತಿದ್ದವು. ನಾನು ಒಂದೊಂದಕ್ಕೂ ಕಪ್ಪು ಪಟ್ಟಿ ಕಟ್ಟಿದೆ. ಥ್ವೇಟ್ ಅವರು ಬೀಗದಕೈಯಿಂದ ತಟ್ಟಿ, ಕೆಮ್ಮಿ, ಸಭೆಯಲ್ಲಿ ನಿಂತವರಂತೆ ಆರಂಭಿಸಿದರು: “ಪ್ರಕೃತಿಯ ನಿಯಮಾನುಸಾರ ಈ ಗೃಹದ ಪ್ರಧಾನ ಸದಸ್ಯೆಯ ಜೀವಕ್ರಿಯೆ...”

“ಅಯ್ಯೋ ಸರ್, ಅವಕ್ಕೆ ಅದೆಲ್ಲ ತಿಳಿಯಲ್ಲ. ನೆಟ್ಟಗೆ ಹೇಳಿ.”

ಅವರು ಟೊಪ್ಪಿ ತೆಗೆದರು. ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಗೂಡಿನ ಬಾಯಿಗೆ ಮುಖ ತಂದರು.

“ಹೆಸ್ಟರ್ ಹೋದಳು.”

ಆಕೆ ಚಹಾದ ಬಟ್ಟಲು ಕೈಗಿಟ್ಟಾಗಲೂ ‘ಮಿಸ್ ಪಿನ್ನಕ್’ ಎಂದೇ ಕರೆಯುತ್ತಿದ್ದವರು. ಆ ಹೆಸರು ಅವರ ಬಾಯಲ್ಲಿ ಬಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಮುಂದಿನ ಗೂಡಿಗೆ ಹೋದರು. “ಹೆಸ್ಟರ್ ಹೋದಳು. ನೀವಾದರೂ ಇರಿ.” ಒಳಗೆ ಮೊರೆತ ಏರಿ, ನಿಧಾನವಾಗಿ ಇಳಿಯಿತು. ಎಲ್ಲ ಗೂಡಿಗೂ ಹೇಳಿ ಮುಗಿದ ಮೇಲೆ ಅವರು ಮತ್ತೆ ಮೊದಲನೆಯದರ ಹತ್ತಿರ ಹೋಗಿ ಮಂಡಿಯೂರಿದರು. ನಾನು ಒಳಗೆ ಬಂದೆ.

“ಹೇಳಿದ್ರಾ?” ಮಿಸ್ ಲೆಟಿ ಕೇಳಿದರು. “ಹೆಸರು ಹಿಡಿದು?”

“ಹೂಂ.”

ಅವರು ಕಿಟಕಿಯತ್ತ ತಿರುಗಿದರು. “ಅಕ್ಕ ಇದ್ದಾಗ ಒಂದ್ಸಲ ಹಂಗೆ ಕರೆದಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತು?”

ನಾನು ಗಂಜಿ ಬಿಸಿ ಮಾಡಿ ತಂದೆ. ಅವರು ಅಳುತ್ತಲೇ ಕುಡಿದರು.