ಹಗೇವಿಗೆ ಇಳಿದವಳು

ಕೊಯ್ದ ಜೋಳದ ಕೂಳೆಗಳ ಮೇಲೆ ಎಡವುತ್ತ ಚನ್ನವ್ವ ಹೊಲಕ್ಕೆ ಬಂದು ಮುಟ್ಟಿದಾಗ ಹೆಣದ ಕುಣಿ ಎದೆಮಟ್ಟ ಆಗಿತ್ತು. ಒಳಗೆ ಮನೆಯ ಹಳೆಯ ಆಳು ಕಳಕಪ್ಪ ಗುದ್ದಲಿ ಹಾಕುತ್ತಿದ್ದ. ಮೇಲೆ ಅವಳ ಮಗ ಪ್ರಭುಲಿಂಗಪ್ಪ ಮಣ್ಣು ಎಳೆಯುತ್ತಿದ್ದ.

“ನಿಲ್ಲಸ್ರಿ,” ಅಂದಳು. ಏದುಸಿರು ಬಿಡುತ್ತಿದ್ದಳು.

“ಯಾಕಬೇ ಯವ್ವಾ? ದೊಡ್ಡವ್ವನ್ನ ಕೂಡಸೂ ವಿಮಾನ ಕಟ್ಟೂದಾತೇನು?”

“ಇಲ್ಲಿ ಬ್ಯಾಡ. ಅಕ್ಕನ್ನ ಆ ಬದುವಿನ ಜಾಲಿಗಿಡದ ಬುಡಕ ಇಡೂಣು.”

ಕಳಕಪ್ಪ ಕುಣಿಯೊಳಗಿಂದ ತಲೆ ಎತ್ತಿದ. “ಮುಂಜಾನಿಂದ ಅಗದೀನಿ, ಚನ್ನವ್ವ. ಗೌರವ್ವ ಇದ್ದಿದ್ರ, ಇಷ್ಟ ತೋಡಾಕ ಇಷ್ಟ ಹೊತ್ತೇನೋ ಮೈಗಳ್ಳಾ ಅಂತಿದ್ಲು. ನೀ ನೋಡಿದ್ರ ಇನ್ನೊಂದ ತೋಡು ಅಂತಿ!”

ಪ್ರಭುಲಿಂಗಪ್ಪ ನಗಲಿಲ್ಲ. “ದೊಡ್ಡಪ್ಪನ್ನ ಇಟ್ಟದ್ದೂ ಇಲ್ಲೇ. ಗಂಡನ ಮಗ್ಗಲ ಬಿಟ್ಟು ದೊಡ್ಡವ್ವನ್ನ ಬದುವಿನ ಮ್ಯಾಲ ಇಟ್ರ ಮಂದಿ ಏನಂದಾರು? ಯಾಕಂತರ ಹೇಳು.”

ಯಾಕೆಂದು ಹೇಳಬೇಕಾದರೆ ಚನ್ನವ್ವ ಮೂವತ್ತೆಂಟು ವರ್ಷ ನುಂಗಿಕೊಂಡು ಬಂದ ಮಾತೊಂದನ್ನು ಹೊರಗೆ ಹಾಕಬೇಕಿತ್ತು.

*

ಬೆಳಗಿನ ಜಾವ ಚನ್ನವ್ವನ ಹಿರಿಯ ನೆಗೆಣ್ಣಿ ಗೌರವ್ವನ ಜೀವ ಹೋಗಿತ್ತು. ಹೆಂಗಸರು ಮೈ ತೊಳೆದು, ಹಣೆ ತುಂಬ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕುಳ್ಳಿರಿಸಿದರು. ಪಕ್ಕದ ಮನೆಯ ಭಾಗೀರಥಿಬಾಯಿ ಹೊಸ್ತಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು.

“ಹೋದ ತಿಂಗಳ ಓಟು ಹಾಕಾಕ ನನಗಿಂತ ಮುಂದ ನಡದಿದ್ಲು. ಬರ್ರಿ ಬಾಯಾರ, ಕಾಲಿಗೆ ಮದರಂಗಿ ಹಚ್ಚೀರೇನು ಅಂತ ನಗಸಿದ್ಲು. ಖರೇ ಹೇಳ್ಬೇಕಂದ್ರ ಚನ್ನವ್ವ, ನಿಮ್ಮ ಮನಿತನ ಉಳದದ್ದು ಅಕಿಯಿಂದ. ನೀ ಬಸರಿ ಅಂತ ತಾನ ಜೋಳದ ಹಗೇವಿಗೆ ಇಳದಾಕಿ.”

ಆ ಮಾತು ಬಂದಾಗಲೆಲ್ಲ ತಲೆಯಾಡಿಸುತ್ತಿದ್ದಂತೆ ಚನ್ನವ್ವ ಈಗಲೂ ತಲೆಯಾಡಿಸಿದಳು.

ಸೂಲಗಿತ್ತಿ ಲಾಲಬಿ ಮುದುಕಿ ಅವಳನ್ನು ಹಿತ್ತಲಿಗೆ ಕರೆದಳು. “ಗೌರವ್ವ ಮೊನ್ನೆ ನನ್ನ ಕೈ ಹಿಡದು ಒಂದ ಮಾತ ಹೇಳ್ಯಾಳ. ತನ್ನನ್ನ ಹೊಲದ ಜಾಲಿ ಬುಡಕ ಇಡಸು ಅಂತ.”

“ಯಾಕ?”

“ಅಲ್ಲಿ ಅಕಿ ಕೂಸೈತಿ. ಹಗೇವಿಗೆ ಇಳದ ಮೂರನೇ ದಿನ ನನ್ನ ಗುಡಸಲದಾಗ ಹೋತು. ಹೊಟ್ಟ್ಯಾಗಿನ ನಾಕ ತಿಂಗಳದು. ನಾನ ನನ್ನ ಕೈಯಾರೆ ಮಣ್ಣು ಮಾಡಿದೆ.” ಲಾಲಬಿ ದನಿ ಇಳಿಸಿದಳು. “ಚನ್ನಿ ಮುಂದ ಹೇಳಬ್ಯಾಡ, ಬಸರಿ ಹುಡುಗಿ, ಎದಿ ಒಡಕೋತಾಳ ಅಂದಿದ್ಲು. ಅಲ್ಲಾನ ಆಣಿ ಮಾಡಿದ್ದೆ. ಇವತ್ತ ಹೇಳದಿದ್ರ ಅಕಿನ್ನ ಬ್ಯಾರೆ ಕಡೆ ಇಟ್ಟಬಿಡ್ತಾರ.”

ಚನ್ನವ್ವ ಯಾರಿಗೂ ಹೇಳದೆ ಹಿತ್ತಲ ಬಾಗಿಲಿನಿಂದಲೇ ಹೊಲದ ದಾರಿ ಹಿಡಿದಳು.

*

ಮೂವತ್ತೆಂಟು ವರ್ಷದ ಹಿಂದೆ, ಪ್ಲೇಗಿನ ವರ್ಷ, ಚಿಕ್ಕನರಗುಂದದಲ್ಲಿ ಇಲಿ ಸತ್ತು ಬಿದ್ದವು. ಊರಿಗೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿತು. ಅತ್ತೆ ಮಾವ ಎಂಟು ದಿನದೊಳಗೆ ಒಬ್ಬರ ಹಿಂದೊಬ್ಬರು ಹೋದರು. ಗಂಡಂದಿರಿಬ್ಬರೂ ಜ್ವರದಲ್ಲಿ ಬಿದ್ದಿದ್ದರು. ಗುಡಿಸಲಿನಲ್ಲಿ ಹಿಡಿ ಕಾಳಿಲ್ಲ. ಜೋಳವೆಲ್ಲ ಊರೊಳಗಿನ ಹಗೇವಿನಲ್ಲಿ, ಮನೆಯ ಮುಂದೆ ನೆಲದೊಳಗೆ ತೋಡಿದ ಕಣಜದಲ್ಲಿತ್ತು. ನೆಗೆಣ್ಣಿಯರಿಬ್ಬರೇ ಹಗ್ಗ, ಬುಟ್ಟಿ ಹಿಡಿದು ಹೊರಟರು.

ಊರು ಹಾಡಹಗಲಲ್ಲೇ ಸತ್ತು ಬಿದ್ದಿತ್ತು. ಬಾಗಿಲುಗಳಿಗೆ ಮುಳ್ಳುಕಂಟಿ ಒಟ್ಟಿದ್ದರು. ಕೈತುತ್ತು ತಿಂದ ನಾಯಿಗಳು ಗುರುತು ಮರೆತು ಗುರ್ರೆಂದವು. ಅವುಗಳ ಬಾಯಿಯತ್ತ ನೋಡಲು ಚನ್ನವ್ವನಿಗೆ ಧೈರ್ಯವಾಗಲಿಲ್ಲ.

ಹಗೇವಿನ ಬಾಯಿಕಲ್ಲು ಸರಿಸಿದಾಗ ಕಾದ ಹುಳಿವಾಸನೆ ಮುಖಕ್ಕೆ ಹೊಡೆಯಿತು. ನೆತ್ತಿಗೆ ಹೊತ್ತು ಬರುವ ತನಕ ಕಾದು, ದೀಪ ಇಳಿಬಿಟ್ಟು ನೋಡಿದರು. ದೀಪ ಆರಿದರೆ ಆ ಗಾಳಿ ಜೀವ ತೆಗೆಯುತ್ತದೆ. ದೀಪ ಸಣ್ಣಗಾಯಿತು, ಆರಲಿಲ್ಲ.

“ನೀ ತೆಳ್ಳಗದಿ. ನೀ ಇಳೀತಿಯೇನ ಚನ್ನಿ? ನಾ ಮ್ಯಾಲ ಜಗ್ಗತೀನಿ,” ಅಂದಳು ಗೌರವ್ವ.

ಆ ಕತ್ತಲೆಯ ಬಾಯಿ ನೋಡಿದ ಚನ್ನವ್ವನ ನಾಲಿಗೆಗೆ ಅದು ಎಲ್ಲಿಂದ ಬಂತೋ ಶಿವನೇ ಬಲ್ಲ. “ಅಕ್ಕಾ, ನಾ ಮೂರ ತಿಂಗಳಾಕಿ.”

ಗೌರವ್ವ ಅವಳನ್ನೇ ಒಂದು ಗಳಿಗೆ ನೋಡಿದಳು. ಏನೋ ಹೇಳಬೇಕೆಂದು ಬಾಯಿ ತೆರೆದವಳು ಹೇಳಲಿಲ್ಲ. ಕಚ್ಚೆ ಬಿಗಿದು, ಒಂದು ಹಗ್ಗವನ್ನು ಸೊಂಟಕ್ಕೆ, ಇನ್ನೊಂದನ್ನು ಬುಟ್ಟಿಗೆ ಕಟ್ಟಿಕೊಂಡು, “ಗಟ್ಟಿ ಹಿಡಿ,” ಅಂದು ಇಳಿದಳು.

ಐದು ಬುಟ್ಟಿ ಜೋಳ ಮೇಲೆ ಬಂತು. ಆರನೆಯದಕ್ಕೆ ಹಗ್ಗ ಅಲುಗಿಸಿದರೆ ಕೆಳಗಿನಿಂದ ಗೌರವ್ವ ಓಗೊಡಲಿಲ್ಲ. ಚನ್ನವ್ವ ಕೂಗಿದಳು. ಕೂಗಿಗೆ ನಾಯಿಗಳಷ್ಟೇ ಬಂದವು. ಸೊಂಟದ ಹಗ್ಗವನ್ನು ಕಟ್ಟೆಯ ಕಂಬಕ್ಕೆ ಸುತ್ತಿ, ಗೇಣು ಗೇಣು ಜಗ್ಗಿ, ಅಂಗೈ ಸುಲಿದು ಎಚ್ಚರ ತಪ್ಪಿದ ಅಕ್ಕನನ್ನು ಮೇಲೆ ತಂದಳು. ಆ ಜೋಳದಿಂದ ನಾಲ್ಕು ಜೀವ ಉಳಿದವು.

ಹೇಳಿದ ಸುಳ್ಳಿಗೆ ಹೊಟ್ಟೆ ಬೆಳೆಯಬೇಕಲ್ಲ! ಇಪ್ಪತ್ತು ದಿನ ಕಳೆದು ಮುಟ್ಟಾದಾಗ ಚನ್ನವ್ವ, “ಹೋತು ಅಕ್ಕಾ,” ಎಂದು ಅತ್ತಳು. ಗೌರವ್ವ ಅವಳನ್ನು ಹದಿನೈದು ದಿನ ಏಳಗೊಡಲಿಲ್ಲ. ತಾನೇ ನೀರು ಹೊತ್ತಳು, ಬೀಸಿದಳು, ಶುಂಠಿ ಬೆಲ್ಲ ಕುದಿಸಿ ಕುಡಿಸಿದಳು. ಮುಂದೆ ಪ್ರಭುಲಿಂಗಪ್ಪ ಹುಟ್ಟಿದ. ಗೌರವ್ವನಿಗೆ ಮಾತ್ರ ಮತ್ತೆ ಬಸಿರು ನಿಲ್ಲಲಿಲ್ಲ.

ಚನ್ನವ್ವನ ಬಟ್ಟೆ ಒಗೆದವಳೂ ಅವಳೇ. ಅದು ಈಗ, ಹೊಲದ ದಾರಿಯಲ್ಲಿ ಚನ್ನವ್ವನಿಗೆ ನೆನಪಾಗಿತ್ತು. ಹೋದ ಬಸಿರಿನ ಬಟ್ಟೆ ಹೇಗಿರುತ್ತದೆಂದು ಆಗಷ್ಟೇ ತನ್ನದರಲ್ಲಿ ಕಂಡವಳಿಗೆ ಈ ಬಟ್ಟೆ ಏನು ಹೇಳಿರಲಿಕ್ಕಿಲ್ಲ? ಆದರೂ ಶುಂಠಿಯ ಬಟ್ಟಲು ಹೊತ್ತಿಗೆ ಸರಿಯಾಗಿ ಬರುತ್ತಲೇ ಇತ್ತು.

*

“ಅಲ್ಲಿ ಅಕಿ ಕೂಸೈತಿ,” ಅಂದಳು ಚನ್ನವ್ವ.

ಗುದ್ದಲಿ ನಿಂತಿತು. ಲಾಲಬಿ ಹೇಳಿದ್ದನ್ನೆಲ್ಲ ಅವಳು ಹೇಳಿದಳು.

“ಬಸರಿದ್ದಾಕಿ ಹಗೇವಿಗೆ ಹ್ಯಾಂಗ ಇಳದ್ಲು?” ಕಳಕಪ್ಪ ಕೇಳಿದ. “ಅಷ್ಟು ತಿಳೀಲಾರದಾಕಿ ಅಲ್ಲ ಗೌರವ್ವ.”

“ನೀನೂ ಬಸರಿದ್ದೆಲ್ಲಬೇ, ಅದಕ್ಕ ಇಳದಿರಬೇಕು,” ಅಂದ ಪ್ರಭುಲಿಂಗಪ್ಪ. ತಾಯಿಯ ಮಾತಿಗೆ ತಾನೇ ಆಸರೆ ಕೊಟ್ಟಂತೆ.

ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. ಚನ್ನವ್ವ ಶಿವಶಿವಾ ಅಂದಳು.

“ನಾ ಬಸರಿರಲಿಲ್ಲೋ ತಮ್ಮಾ. ಅಂಜಿ ಹಂಗ ಅಂದೆ.”

ಕಳಕಪ್ಪ ಕುಣಿಯಿಂದ ಮೇಲೆ ಬರಲು ಕೈ ಚಾಚಿದ. ಪ್ರಭುಲಿಂಗಪ್ಪ ಅವನನ್ನು ಎಳೆದುಕೊಂಡು, ಗುದ್ದಲಿ ಇಸಿದುಕೊಂಡು, ತಾಯಿಯ ಮುಖ ನೋಡದೆ ಜಾಲಿಯ ಕಡೆ ನಡೆದ.

ಅಷ್ಟರಲ್ಲಿ ಭಜನೆಯ ತಾಳ ಕೇಳಿಸಿತು. ಚೆಂಡುಹೂವಿನ ವಿಮಾನದಲ್ಲಿ ಗೌರವ್ವ ಕುಳಿತು ಬಂದಳು. ಕುಣಿ ಸಿದ್ಧವಿಲ್ಲವೆಂದಾಗ ಹೊತ್ತವರು ಕೂಳೆಗಳ ನಡುವೆ ಇಳಿಸಿದರು. ಮುಂದೆ ತೆರೆದ ವಿಮಾನ. ಬಿಸಿಲು ನೇರ ಅವಳ ಮುಖಕ್ಕೆ ಬಿತ್ತು. ಜನ ಗುಜುಗುಜು ಮಾಡುತ್ತ ದೂರ ಸರಿದು ನಿಂತರು.

ಚನ್ನವ್ವ ಮುಂದೆ ಹೋಗಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ, ಆ ಮುಖಕ್ಕೆ ನೆರಳು ಹಿಡಿದಳು.

“ಕೈ ಸೋತಾವು, ಬಿಡು, ನಾ ಹಿಡೀತೀನಿ,” ಅಂದಳು ಭಾಗೀರಥಿಬಾಯಿ.

ಚನ್ನವ್ವ ಸೆರಗು ಇಳಿಸಲಿಲ್ಲ. ಬದುವಿನ ನೆಲ ಗಟ್ಟಿ. ಗುದ್ದಲಿ ಕಲ್ಲಿಗೆ ತಾಗಿದಂತೆ ಸದ್ದು ಮಾಡುತ್ತಿತ್ತು. ಕುಣಿ ಇನ್ನೂ ಮೊಳಕಾಲಮಟ್ಟವೂ ಆಗಿರಲಿಲ್ಲ.