ಕಡಲು ದಾಟಿ ಬಂದ ಕಾಗದ

"ಟೇಬಲ್ ಮೇಲಿಂದ ಕೈ ತೆಗೀಲೇ, ಕಳ್ಳ ಮುಂಡೆ! ಅರಬ್ಬಿಯೋರ ಮನೇಲಿ ಕದ್ದಿದ್ದು ಸಾಲ್ದು ಅಂತ ಇಲ್ಲೂ ಕೈಯಾಡಿಸ್ತೀಯಾ?"

ಇನ್ಸ್‌ಪೆಕ್ಟರ್ ಗಂಗಾಧರಸ್ವಾಮಿ ಲಾಠಿಯ ತುದಿಯಿಂದ ಪುಟ್ಟಸಿದ್ದಮ್ಮನ ಬೆರಳುಗಳನ್ನು ಪಕ್ಕಕ್ಕೆ ತಳ್ಳಿದ, ಊಟದೆಲೆಯ ಅಂಚಿಗೆ ಕರಿಬೇವು ತಳ್ಳುವ ಹಾಗೆ. ಅವಳು ಕೈ ತೆಗೆದಳು. ಮಣಿಕಟ್ಟಿನಿಂದ ಮೊಣಕೈವರೆಗೂ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟ ಕಲೆ. ಅದನ್ನು ಅವನು ಈ ಮೊದಲೇ ಮೂರು ಸಲ ನೋಡಿದ್ದ.

ಉಮ್ಮತ್ತೂರಿನ ಕೂಲಿಯ ಹೆಂಗಸು ಅವಳು. ಎರಡು ವರ್ಷದ ಹಿಂದೆ ಗುಂಡ್ಲುಪೇಟೆಯ ಏಜೆಂಟ್ ಮಲ್ಲಿಕಾರ್ಜುನಸ್ವಾಮಿ ಆಸ್ಪತ್ರೆ ಕೆಲಸ ಅಂತ ಹೇಳಿ ಅವಳನ್ನೂ ಅವಳ ತಂಗಿ ಶಾಂತಿಯನ್ನೂ ಗಲ್ಫಿಗೆ ವಿಮಾನ ಹತ್ತಿಸಿದ್ದ. ಇಳಿದ ದಿನವೇ ಪಾಸ್‌ಪೋರ್ಟ್ ಕಿತ್ತುಕೊಂಡ ಅಲ್ಲಿನ ಯಜಮಾನ, ಇಬ್ಬರನ್ನೂ ಮನೆಚಾಕರಿಗೆ ಕೂಡಿಹಾಕಿದ. ಕಸದ ಚೀಲ ಹೊರಗಿಡುವ ನೆಪದಲ್ಲಿ ಪುಟ್ಟಸಿದ್ದಮ್ಮ ಓಡಿ, ನಮ್ಮ ದೇಶದ ಎಂಬಸಿ ಸೇರಿ, ಊರು ಕಂಡಳು. ಶಾಂತಿ ಅಲ್ಲೇ ಉಳಿದಳು.

ಬಂದ ವಾರವೇ ಠಾಣೆಗೆ ಹೋದರೆ ಏಜೆಂಟನೇ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಅವನ ಮೇಲಿನ ದೂರನ್ನು ಅವನೆದುರೇ ನಿಂತು ಹೇಳಬೇಕಾಯಿತು.

"ಅದು ಬೇರೆ ದೇಶ ಕಣಮ್ಮ," ಅಂದಿದ್ದ ಗಂಗಾಧರಸ್ವಾಮಿ. "ಸಾರ್ವಭೌಮತ್ವ ಅಂತ ಒಂದಿರ್ತದೆ. ನಿಮ್ಮ ಕೇರಿಯೋರ ತಲೆಗೆ ಹೋಗಲ್ಲ ಬಿಡು. ನಮ್ಮ ಕಾನೂನು ಗಡಿ ದಾಟಲ್ಲ."

ಎರಡನೇ ಸಲವೂ ಅದೇ ಮಾತು. ಮೂರನೇ ಸಲ ಅವಳ ಅರ್ಜಿಯನ್ನು ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದ.

ಈಗ ಆ ಯಜಮಾನ ದೂರು ಕೊಟ್ಟಿದ್ದ, ಓಡಿಹೋದವಳು ಚಿನ್ನದ ಸರ ಕದ್ದಿದ್ದಾಳೆಂದು. ಆ ಕಾಗದ ಅಲ್ಲಿಂದ ದಿಲ್ಲಿಗೆ, ದಿಲ್ಲಿಯಿಂದ ಬೆಂಗಳೂರಿಗೆ, ಬೆಂಗಳೂರಿಂದ ಇಲ್ಲಿಗೆ ಹದಿನೈದೇ ದಿನದಲ್ಲಿ ಬಂದು ಬಿದ್ದಿತ್ತು. ಯಾವತ್ತೂ ಕೇರಿ ಹೊಕ್ಕಿರದ ಜೀಪು ಇವತ್ತು ಮನೆಬಾಗಿಲಿಗೇ ಬಂದು ಅವಳನ್ನು ಎತ್ತಿಕೊಂಡು ಬಂದಿತ್ತು.

"ಈ ಫಾರಂನಲ್ಲಿ ಬರಿ. ನಾನೇ ಕದ್ದೆ, ತಪ್ಪಾಯ್ತು ಅಂತ. ಸಂಜೆಯೊಳಗೆ ಮೇಲಕ್ಕೆ ಕಳಿಸಬೇಕು, ಅಲ್ಲಿಂದ ಆ ಯಜಮಾನನಿಗೆ ಹೋಗ್ತದೆ. ಎರಡು ದೇಶದ ಮರ್ಯಾದೆ ಪ್ರಶ್ನೆ."

ಗಂಡ ನಿಂಗಯ್ಯ ಬಾಗಿಲಾಚೆಯಿಂದಲೇ ಕೈಮುಗಿದ. "ಬರ್ದ್‌ಬುಡಮ್ಮಿ. ಜೀವ ಉಳುದ್ರೆ ಸಾಕು."

"ನೀ ಸುಮ್ಕಿರು." ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಸಾ, ಕಾನೂನು ಗಡಿ ದಾಟಲ್ಲ ಅಂದ್ರಿ. ಇದೆಂಗೆ ದಾಟ್ಕಂಡು ಬತ್ತು?"

"ಬಾಯಿ ಮುಚ್ಚೇ ಲೌಡಿ! ಇದು ಅಂತರರಾಷ್ಟ್ರೀಯ ಸಹಕಾರ."

"ಓ! ಅವ್ನ ಸರಕ್ಕೆ ಸಹಕಾರ, ನನ್ ತಂಗಿಗೆ ಗಡಿ."

ಕೆನ್ನೆಗೆ ಏಟು ಬಿತ್ತು. ತುಟಿ ಒಡೆಯಿತು. ಪುಟ್ಟಸಿದ್ದಮ್ಮ ಸೆರಗಿನಿಂದ ಒರೆಸಿಕೊಂಡು ಪೆನ್ನು ಎತ್ತಿಕೊಂಡಳು. ಗಂಗಾಧರಸ್ವಾಮಿ ಗೆದ್ದವನಂತೆ ಕುರ್ಚಿಗೆ ಒರಗಿದ. ಏಳನೇ ಕ್ಲಾಸಿನ ದುಂಡು ಅಕ್ಷರದಲ್ಲಿ ಅವಳು ಬರೆದೇ ಬರೆದಳು. ತಪ್ಪೊಪ್ಪಿಗೆಗೆ ಇಷ್ಟು ಸಾಲು ಯಾಕೆ ಅನ್ನಿಸಿ ಅವನು ಕಾಗದ ಎಳೆದುಕೊಂಡ.

'ನಾನು ಸರ ಕದ್ದಿಲ್ಲ. ನನ್ನ ತಂಗಿ ಶಾಂತಿ ನಿಮ್ಮ ಮಹಡಿ ರೂಮಿನಲ್ಲಿ ಬೀಗದೊಳಗೆ ಇದ್ದಾಳೆ. ಅವಳನ್ನು ಕಳಿಸಿ. ನಮ್ಮನ್ನು ಮಾರಿದವನು ಗುಂಡ್ಲುಪೇಟೆ ಮಲ್ಲಿಕಾರ್ಜುನಸ್ವಾಮಿ. ಮೂರು ಸಲ ಬಂದರೂ ದೂರು ಬರೆದುಕೊಳ್ಳದವರು ಇನ್ಸ್‌ಪೆಕ್ಟರ್ ಗಂಗಾಧರಸ್ವಾಮಿ.' ಕೆಳಗೆ ಸಹಿ.

ಅವನ ಮುಖ ಕಪ್ಪಿಟ್ಟಿತು. ಮೇಲಿನಿಂದ ಬಂದ ಫಾರಂ ಅದು, ನಂಬರು ಮೊಹರು ಬಿದ್ದದ್ದು, ಒಂದೇ ಒಂದು. ಹರಿದರೆ ಜವಾಬು ಅವನೇ ಕೊಡಬೇಕು.

"ಅಲ್ಲಿಯೋರಿಗೆ ಕನ್ನಡ ಬರ್ತದೇನೇ, ಬೇವರ್ಸಿ?"

"ಕಲ್ತ್ಕಳ್ಳಿ ಬುಡಿ. ಅವ್ರ ಬೈಗುಳನೆಲ್ಲ ನಾ ಕಲೀನಿಲ್ವಾ?"

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಗಂಗಾಧರಸ್ವಾಮಿ ಎದ್ದು ನಿಂತೇ ಎತ್ತಿದ. "ಸಾರ್... ಹೌದು ಸಾರ್, ಬರೆದಿದ್ದಾಳೆ ಸಾರ್... ಏನು ಬರೆದಿದ್ದಾಳೆ ಅಂದ್ರೆ ಸಾರ್..."

ಪುಟ್ಟಸಿದ್ದಮ್ಮ ಕೈಯನ್ನು ಮತ್ತೆ ಮೇಜಿನ ಮೇಲೆ ಊರಿದಳು.

"ಓದಿ ಸಾ," ಅಂದಳು. "ಗಟ್ಟಿಯಾಗ್ ಓದಿ."