ತುಳಸಿಕಟ್ಟೆಯ ವೋಲ್ಟೇಜು

ಐಟಿಐ ಮುಗಿಸಿ ಎಂಟು ತಿಂಗಳಾದರೂ ಸ್ನೇಹಾ ರಹಮಾನಸಾಬರ ಅಂಗಡಿಯಲ್ಲಿ ಬಲ್ಬು ಮಾರುತ್ತಲೇ ಇದ್ದಳು. ಲಕ್ಷ್ಮೇಶ್ವರದ ಹಳೇ ಪೇಟೆಯ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದವರು ಸಾಬರು. ತಂತಿಯ ಜಾಯಿಂಟಿಗೆ ಟೇಪಿನ ಬದಲು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಸಣಬಿನ ದಾರ ಬಿಗಿಯುವುದು ಊರಲ್ಲಿ ಅವರೊಬ್ಬರದೇ ಪದ್ಧತಿ. ಅಂಥ ಜಾಯಿಂಟು ಬಿಚ್ಚಿದ್ದನ್ನು ಇದುವರೆಗೆ ಯಾರೂ ನೋಡಿಲ್ಲವೆಂದು ಗಿರಾಕಿಗಳಿಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ವೈರಿಂಗ್ ಕೆಲಸಕ್ಕೆ ಕಳಿಸಿರೆಂದು ಸ್ನೇಹಾ ದಿನಾ ಪೀಡಿಸಿದ್ದಕ್ಕೆ ಕೊನೆಗೆ ಅವರು ಒಂದು ಷರತ್ತು ಹಾಕಿದರು. ಕಮಲಾಬಾಯಿಯವರ ಮನೆಯ ದೋಷವನ್ನು ಅವಳೇ ಹುಡುಕಿದರೆ ಮರುದಿನದಿಂದ ಒಬ್ಬಳೇ ಕೆಲಸಕ್ಕೆ ಹೋಗಬಹುದು. ಸಿಗದಿದ್ದರೆ ಕೌಂಟರೇ ಗತಿ, ಮತ್ತೆ ಆ ಮಾತು ಎತ್ತುವಂತಿಲ್ಲ.

ಕಮಲಾಬಾಯಿ ನಿವೃತ್ತ ಶಿಕ್ಷಕಿ. ಅವರ ಮನೆಯಲ್ಲಿ ಬೆಳಿಗ್ಗೆ ತುಳಸಿಪೂಜೆಯಾದ ಮೇಲೆ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಸಂಜೆಯಾಗುತ್ತಲೇ ಫ್ಯಾನಿನ ರೆಕ್ಕೆ ಎಣಿಸಬಹುದಾಗಿತ್ತು, ಫ್ರಿಜ್ಜು ಬರೀ ಗೊಣಗುತ್ತಿತ್ತು. ಇದು ತುಳಸಮ್ಮನ ಮಹಿಮೆ ಎಂದು ಬಾಯಿಯವರು ಓಣಿಗೆಲ್ಲ ಹೇಳಿಯೂ ಆಗಿತ್ತು.

ಸ್ನೇಹಾ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಮಲ್ಟಿಮೀಟರ್ ಹಿಡಿದಳು. ಇನ್ನೂರಿಪ್ಪತ್ತೆಂಟು ವೋಲ್ಟು, ಇರಬೇಕಾದಷ್ಟೇ. ದೋಷವೇನೂ ಇಲ್ಲವೆಂದು ಬಂದು ಹೇಳಿದಳು. ಸಂಜೆ ಆರಕ್ಕೆ ಸಾಬರೂ ಜೊತೆಗೆ ಬಂದರು. ಅದೇ ಬೋರ್ಡು, ಅದೇ ಮಲ್ಟಿಮೀಟರು, ಈಗ ನೂರೈವತ್ತೆರಡು. ಸಾಬರು ಕಿಸೆಯಿಂದ ತಮ್ಮ ಟೆಸ್ಟರ್ ತೆಗೆದು ತಂತಿಗೆ ಹಚ್ಚಿದರು. ಅದು ಕೆಂಪಗೆ ಹತ್ತಿತು.

"ನೋಡವ್ವಾ, ಕರೆಂಟ್ ಐತಿ. ನಿನ್ನ ಡಬ್ಬಿಗೆ ಸಂಜಿ ಆತಂದ್ರ ನಿದ್ದಿ ಬರತೈತಿ."

"ಚಾಚಾ, ಟೆಸ್ಟರ್ ಐತೋ ಇಲ್ಲೋ ಅಷ್ಟ ಹೇಳತೈತಿ. ಎಷ್ಟೈತಿ ಅಂತ ಹೇಳೂದಿಲ್ಲ."

ಸಾಬರು ಟೆಸ್ಟರನ್ನು ಕಿಸೆಗೆ ಹಾಕಿಕೊಂಡರು. ಚಹಾ ಕುಡಿಯುವ ನೆಪದಿಂದ ಕುರ್ಚಿಯಲ್ಲಿ ಕೂತರು.

ಸ್ನೇಹಾ ಹೊರಗಿನ ಮೀಟರ್ ಪೆಟ್ಟಿಗೆಗೆ ಹೋಗಿ ಅಳೆದಳು. ಅಲ್ಲಿ ಇನ್ನೂರ ಮೂವತ್ತು. ಅಂದರೆ ಕಂಬದಿಂದ ಬರುವುದು ಸರಿ, ಪೆಟ್ಟಿಗೆಗೂ ಒಳಗಿನ ಬೋರ್ಡಿಗೂ ನಡುವೆ ಎಲ್ಲೋ ಎಡವಟ್ಟು. ಮೇನ್ ಬಂದ್ ಮಾಡಿ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಕರೆಂಟು ವಾಪಸು ಹೋಗಬೇಕಾದ ನ್ಯೂಟ್ರಲ್ ತಂತಿ ಗೋಡೆಯೊಳಗೆ ತುಂಡಾಗಿತ್ತು. ಹಾಗಾದರೆ ಇಷ್ಟು ವರ್ಷ ದೀಪ ಹತ್ತಿದ್ದು ಹೇಗೆ? ಯಾರೋ ಪುಣ್ಯಾತ್ಮರು ನ್ಯೂಟ್ರಲ್ ಬದಲು ನೆಲಕ್ಕೆ ಇಳಿಯುವ ಅರ್ಥಿಂಗ್ ತಂತಿಯನ್ನೇ ಜೋಡಿಸಿ ಕೈ ತೊಳೆದುಕೊಂಡಿದ್ದರು. ಕರೆಂಟು ಮಣ್ಣಿನ ಮೂಲಕ ವಾಪಸು ಹೋಗುತ್ತಿತ್ತು. ಆ ತಂತಿಯ ಹಿಂದೆ ಹೋದರೆ ಅದು ಅಂಗಳ ದಾಟಿ ನೆಟ್ಟಗೆ ತುಳಸಿಕಟ್ಟೆಯ ಬುಡಕ್ಕೆ ಇಳಿದಿತ್ತು.

ಮೇನ್ ಹಾಕಿ, ಷಾಕ್ ಹೊಡೆದೀತು, ಎಲ್ಲರೂ ಫ್ರಿಜ್ಜಿನಿಂದ ದೂರ ಇರಬೇಕೆಂದು ಹೇಳಿ, ತುಳಸಿಗೆ ನೀರು ಹಾಕಲು ಬಾಯಿಯವರನ್ನು ಕೇಳಿದಳು.

"ಸಂಜಿಗೆ ತುಳಸಿಗೆ ನೀರು ಹಾಕೂದಿಲ್ಲವ್ವಾ. ಪದ್ಧತಿ ಇಲ್ಲ."

"ಗಿಡಕ್ಕ ಬ್ಯಾಡ್ರಿ ಬಾಯಾರ. ಬುಡದಾಗಿನ ನೆಲಕ್ಕ ಹಾಕ್ರಿ."

ಬಾಯಿಯವರು ಕ್ಷಣ ಯೋಚಿಸಿ, ನೆಲಕ್ಕೆ ದೋಷವಿಲ್ಲವೆಂದು ತೀರ್ಪು ಕೊಟ್ಟು ಒಂದು ಕೊಡ ಸುರಿದರು. ಬೋರ್ಡಿನಲ್ಲಿ ನೂರಾ ಎಪ್ಪತ್ತು. ಎರಡನೆಯ ಕೊಡಕ್ಕೆ ನೂರಾ ತೊಂಬತ್ತೊಂದು. ಫ್ಯಾನಿನ ರೆಕ್ಕೆಗಳು ಮಾಯವಾದವು. ಮೂರನೆಯದಕ್ಕೆ ಫ್ರಿಜ್ಜು ಗೊಣಗುವುದನ್ನು ಬಿಟ್ಟು ಕೆಲಸಕ್ಕೆ ಹತ್ತಿತು. ಬೆಳಗಿನ ಪೂಜೆಯ ನೀರು ಸಂಜೆಗೆ ಒಣಗುತ್ತಿತ್ತು, ಒಣಮಣ್ಣಿನಲ್ಲಿ ಕರೆಂಟಿಗೆ ದಾರಿ ಸಿಗುತ್ತಿರಲಿಲ್ಲ.

"ತುಳಸಮ್ಮನ ಮಹಿಮಿ ಅಂತ ನಾ ಮೊದಲ ಹೇಳಿದ್ದೆ," ಎಂದರು ಬಾಯಿ. "ಯಾರೂ ನಂಬಲಿಲ್ಲ."

ಅವರು ಹೇಳಿದ್ದು ಪೂರ್ತಿ ತಪ್ಪೂ ಆಗಿರಲಿಲ್ಲ.

ಮತ್ತೆ ಮೇನ್ ಬಂದ್ ಮಾಡಿ ಬೋರ್ಡಿನ ಹಿಂದಿನ ಜಾಯಿಂಟು ಹೊರಗೆಳೆದಳು. ಸೈಕಲ್ ಟ್ಯೂಬಿನ ಪಟ್ಟಿ, ಮೇಲೆ ಸಣಬಿನ ದಾರ. ಸಾಬರು ಚಹಾದ ಕಪ್ಪು ಕೆಳಗಿಟ್ಟು ಜಾಯಿಂಟನ್ನು ಬಗ್ಗಿ ನೋಡಿದರು.

"ಯಾರ ಮಾಡ್ಯಾರೋ ಏನೋ, ಗಟ್ಟಿ ಮಾಡ್ಯಾರ ನೋಡು."

ಸ್ನೇಹಾ ಬ್ಲೇಡು ಕೈಗೆತ್ತಿಕೊಂಡಳು. ಜಾಯಿಂಟು ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಗಟ್ಟಿ ಎಂದದ್ದಂತೂ ಸುಳ್ಳಲ್ಲ.

ಹೊಸ ನ್ಯೂಟ್ರಲ್ ಎಳೆದು, ಅರ್ಥಿಂಗ್ ಬೇರೆ ಮಾಡಿ, ಎಲ್ಲ ಸ್ವಿಚ್ಚು ಹಾಕಿ ಅಳೆದಾಗ ಇನ್ನೂರಿಪ್ಪತ್ತೊಂಬತ್ತು. ಇನ್ನು ಮೇಲೆ ವೋಲ್ಟೇಜಿಗಾಗಿ ಕಟ್ಟೆಗೆ ನೀರು ಹಾಕಬೇಕಿಲ್ಲ ಎಂದಳು. ಬಾಯಿಯವರು ತಲೆಯಾಡಿಸಿ, ಯಾವುದಕ್ಕೂ ಇರಲಿ ಎಂದು ಇನ್ನೊಂದು ಕೊಡ ಸುರಿದೇ ಒಳಗೆ ಹೋದರು.

ದಾರಿಯಲ್ಲಿ ಸಾಬರು ಮುಂದೆ ಮುಂದೆ ನಡೆದರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ತಮ್ಮ ಸಾಮಾನಿನ ಚೀಲವನ್ನು ಅವಳ ಹೆಗಲಿಗೆ ಹಾಕಿದರು.

"ನಾಳಿಂದ ಒಬ್ಬಾಕೀನ ಹೋಗು. ಮೊದಲ ಜೋಶಿಯವರ ಮನಿ, ಆಮ್ಯಾಲ ಅವರ ಬಾಜೂ ಮನಿ, ಆಮ್ಯಾಲ ಹಿಂದಿನ ಓಣಿಯಾಗಿನ ನಾಕು ಮನಿ."

"ಅಲ್ಲೂ ಸಂಜಿಗೆ ವೋಲ್ಟೇಜ್ ಇಳೀತೈತೇನ್ರಿ ಚಾಚಾ?"

"ಅವರ ಮನಿಯಾಗ ತುಳಸಿಕಟ್ಟಿ ಇಲ್ಲ," ಎಂದರು ಸಾಬರು. "ತಂತಿ ಇಳಿದಲ್ಲಿ ಬಚ್ಚಲ ನೀರು ದಿನಾಪೂರ್ತಿ ಹರೀತೈತಿ. ಅದಕ್ಕ ಯಾರಿಗೂ ಇನ್ನೂ ಗೊತ್ತಾಗಿಲ್ಲ."